ಕ್ಯಾಲ್‌ಡಿಜಿಟ್ ಟಿಎಸ್4: 230 ವ್ಯಾಟಿನ ಲ್ಯಾಪ್‌ಟಾಪಿಗೆ ಈ ಡಾಕ್ ಸಾಕಾಗುವುದೇ?

ಮದುವೆ ಹಾಗೂ ಸಾಕ್ಷ್ಯಚಿತ್ರಗಳ ವಿಡಿಯೊ ಸಂಕಲನ ನನ್ನ ಕಸುಬು. ಮೇಜಿನ ಮೇಲೆ ಎರಡು 4ಕೆ ಮಾನಿಟರು, ಎರಡು ಎಸ್‌ಎಸ್‌ಡಿ, ಆಡಿಯೊ ಇಂಟರ್‌ಫೇಸ್, ಕಾರ್ಡ್ ರೀಡರ್, ಕೀಬೋರ್ಡ್, ಮೌಸ್ ಮತ್ತು ನೆಟ್‌ವರ್ಕ್ ಕೇಬಲ್ ಇವೆ. ಇವನ್ನೆಲ್ಲ ಒಂದೇ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಯೇ ಡಾಕ್. ಲ್ಯಾಪ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವುದರಿಂದ ಅದರ ಜೊತೆ ಬಂದ ಅಡಾಪ್ಟರು 230 ವ್ಯಾಟಿನದು. ಈ ಸಂಖ್ಯೆಯನ್ನು ಗಮನಿಸದೆ ಡಾಕ್ ಕೊಳ್ಳಬಾರದೆಂಬುದು ನನಗೆ ತಡವಾಗಿ ಅರ್ಥವಾಯಿತು.

ಮೊದಲು ಕೊಂಡದ್ದು ಕಡಿಮೆ ಬೆಲೆಯ ಒಂದು ಯುಎಸ್‌ಬಿ-ಸಿ ಡಾಕ್. ಎರಡು 4ಕೆ ಪರದೆ ನಡೆಯುತ್ತವೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿತ್ತು. 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಬಾರಿ ಮಾತ್ರ ಚಿತ್ರ ಬದಲಾಗುತ್ತದೆ ಎಂಬುದು ಕೆಳಗೆ ಸಣ್ಣಕ್ಷರದಲ್ಲಿತ್ತು. ಮೌಸ್ ಸರಿಸಿದರೆ ಬಾಣದ ಗುರುತು ತಡೆತಡೆದು ಜಿಗಿಯುತ್ತಿತ್ತು, ಟೈಮ್‌ಲೈನ್ ಎಳೆಯುವಾಗ ಕಣ್ಣು ದಣಿಯುತ್ತಿತ್ತು. ಇದಕ್ಕೆ ಕಾರಣ ಸರಳವಾದ ಲೆಕ್ಕ. 60 ಹರ್ಟ್ಸ್‌ನ ಒಂದು 4ಕೆ ಪರದೆಗೆ ಸೆಕೆಂಡಿಗೆ ಸುಮಾರು 12.5 ಗಿಗಾಬಿಟ್ ಬೇಕು, ಎರಡಕ್ಕೆ 25. ಸಾಧಾರಣ ಯುಎಸ್‌ಬಿ-ಸಿ ಡಾಕ್‌ನಲ್ಲಿ ಕೇಬಲಿನ ನಾಲ್ಕು ವೇಗದ ದಾರಿಗಳ ಪೈಕಿ ಎರಡನ್ನು ಚಿತ್ರಕ್ಕೂ ಉಳಿದೆರಡನ್ನು ಯುಎಸ್‌ಬಿಗೂ ಹಂಚಿರುತ್ತಾರೆ. ಅಷ್ಟರಲ್ಲಿ 25 ಗಿಗಾಬಿಟ್ ಹಿಡಿಸುವುದಿಲ್ಲ. ಯುಎಸ್‌ಬಿ-ಸಿ ಆಕಾರದ ಕಿಂಡಿಯನ್ನೇ ಬಳಸುವ, ಇನ್ನೂ ವೇಗದ ಥಂಡರ್‌ಬೋಲ್ಟ್ 4 ಸಂಪರ್ಕದ ಒಟ್ಟು ಸಾಮರ್ಥ್ಯ 40 ಗಿಗಾಬಿಟ್, ಮತ್ತು ಎರಡು 4ಕೆ ಪರದೆಗಳನ್ನು 60 ಹರ್ಟ್ಸ್‌ನಲ್ಲಿ ನಡೆಸುವುದು ಅದರ ಕಡ್ಡಾಯ ನಿಯಮಗಳಲ್ಲೇ ಸೇರಿದೆ.

ಹೀಗಾಗಿ ಥಂಡರ್‌ಬೋಲ್ಟ್ 4 ಡಾಕ್ ಆದ ಕ್ಯಾಲ್‌ಡಿಜಿಟ್ ಟಿಎಸ್4 ಕೊಂಡೆ. ಅದರಲ್ಲಿ 18 ಪೋರ್ಟುಗಳಿವೆ. ಐದು ಯುಎಸ್‌ಬಿ-ಎ ಪೋರ್ಟುಗಳೂ 10 ಗಿಗಾಬಿಟ್ ವೇಗದವು, ನೆಟ್‌ವರ್ಕ್ 2.5 ಗಿಗಾಬಿಟ್‌ನದು, ಎಸ್‌ಡಿ ಕಾರ್ಡಿನ ಕಿಂಡಿ ಯುಎಚ್‌ಎಸ್-2 ಎಂಬ ವೇಗದ ದರ್ಜೆಯದಾದ್ದರಿಂದ ಬೇರೆ ಕಾರ್ಡ್ ರೀಡರನ್ನು ಎತ್ತಿಟ್ಟೆ. ಆದರೆ ಎಚ್‌ಡಿಎಂಐ ಇಲ್ಲ. ಒಂದು ಮಾನಿಟರನ್ನು ಡಿಸ್‌ಪ್ಲೇಪೋರ್ಟಿಗೆ, ಇನ್ನೊಂದನ್ನು ಥಂಡರ್‌ಬೋಲ್ಟ್ ಕಿಂಡಿಗೆ ಬೇರೊಂದು ಕೇಬಲ್ ಕೊಂಡು ಜೋಡಿಸಬೇಕಾಯಿತು. ಇಷ್ಟು ಬೆಲೆಯ ಸಾಧನದಲ್ಲಿ ಇದೊಂದು ಕೊರತೆಯೇ ಸರಿ.

ಎರಡು ಪರದೆಗಳಿಗೆ 25 ಗಿಗಾಬಿಟ್ ಹೋದ ಮೇಲೆ ಉಳಿಯುವ ಸುಮಾರು 15ನ್ನು ಮಿಕ್ಕೆಲ್ಲ ಸಾಧನಗಳು ಹಂಚಿಕೊಳ್ಳಬೇಕು. ಆದ್ದರಿಂದ ಸಂಕಲನ ನಡೆಯುತ್ತಿರುವ ಎಸ್‌ಎಸ್‌ಡಿಯನ್ನು ನೇರವಾಗಿ ಲ್ಯಾಪ್‌ಟಾಪಿಗೂ, ಬ್ಯಾಕಪ್ ಡಿಸ್ಕನ್ನು ಡಾಕ್‌ಗೂ ಚುಚ್ಚುತ್ತೇನೆ.

ಇನ್ನು ವಿದ್ಯುತ್ತಿನ ವಿಚಾರ. ಡಾಕ್‌ನ ಅಡಾಪ್ಟರೂ 230 ವ್ಯಾಟಿನದೇ ಆಗಿದ್ದರೂ ಲ್ಯಾಪ್‌ಟಾಪಿಗೆ ಅದು ಕೊಡುವುದು 98 ವ್ಯಾಟ್ ಮಾತ್ರ. ಮಿಕ್ಕಿದ್ದು ಇತರ ಪೋರ್ಟುಗಳ ಪಾಲು. ಬರವಣಿಗೆಗೆ, ಬ್ರೌಸರಿಗೆ ಇದು ಧಾರಾಳ. ಆದರೆ ರೆಂಡರ್ (ಸಂಕಲಿಸಿದ ವಿಡಿಯೊವನ್ನು ಅಂತಿಮ ಫೈಲಾಗಿಸುವ ಕೆಲಸ) ಆರಂಭಿಸಿದೊಡನೆ ಚಾರ್ಜಿಂಗ್ ಗುರುತು ಇದ್ದಂತೆಯೇ ಬ್ಯಾಟರಿ ಇಳಿಯತೊಡಗುತ್ತದೆ: ಒಂದು ಸಂಜೆ 100ರಿಂದ 64ಕ್ಕೆ ಬಂದದ್ದನ್ನು ಕುಳಿತು ನೋಡಿದೆ. ಈಗ ಮೂಲ ಅಡಾಪ್ಟರನ್ನೂ ಜೊತೆಗೆ ಜೋಡಿಸಿಯೇ ಕೆಲಸ ಮಾಡುತ್ತೇನೆ. ಒಂದೇ ಕೇಬಲಿನ ಅನುಕೂಲವೇ ಮುಖ್ಯವೆನ್ನುವವರು ತಮ್ಮ ಲ್ಯಾಪ್‌ಟಾಪ್ ತಯಾರಕರ ವರ್ಕ್‌ಸ್ಟೇಷನ್ ಡಾಕ್ ನೋಡುವುದು ಒಳ್ಳೆಯದು. ಲೆನೊವೊದಂಥವರು ಚಾರ್ಜಿಂಗ್ ಪಿನ್ನನ್ನೂ ಥಂಡರ್‌ಬೋಲ್ಟನ್ನೂ ಒಂದೇ ಕೇಬಲಿಗೆ ಸೇರಿಸಿ ಕೊಡುತ್ತಾರೆ. ಯುಎಸ್‌ಬಿ-ಸಿ ಕೇಬಲಿನ ಮೂಲಕ ವಿದ್ಯುತ್ ಕೊಡುವುದಕ್ಕೆ ಸಂಬಂಧಿಸಿದ 2021ರ ಯುಎಸ್‌ಬಿ ಪಿಡಿ 3.1 ನಿಯಮ 240 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆಯಾದರೂ ಡಾಕ್, ಕೇಬಲ್, ಲ್ಯಾಪ್‌ಟಾಪ್ ಮೂರೂ ಅದಕ್ಕೆ ಒಪ್ಪಬೇಕು.

ಕರೆಂಟು ಪದೇಪದೇ ಹೋಗುವ ಊರಿನವರು ಇನ್ನೊಂದನ್ನು ನೆನಪಿಡಬೇಕು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇದ್ದರೂ ಡಾಕ್ ಆ ಕ್ಷಣವೇ ಆರಿ, ಬರೆಯುತ್ತಿದ್ದ ಡಿಸ್ಕ್ ನಡುವೆಯೇ ಕಳಚಿಕೊಳ್ಳುತ್ತದೆ. ನನ್ನ ಒಂದು ಬ್ಯಾಕಪ್ ಹಾಗೆಯೇ ಕೆಟ್ಟಿತು. ಅಂದಿನಿಂದ ಡಾಕ್‌ನ ಪ್ಲಗ್ ಯುಪಿಎಸ್‌ನಲ್ಲಿದೆ. ಜೊತೆಗೆ ಬಂದ ಕೇಬಲ್ ಕೇವಲ 0.8 ಮೀಟರ್ ಉದ್ದವಿರುವುದರಿಂದ ಡಾಕ್ ಕೂಡ ಮೇಜಿನ ಕೆಳಗೆ ಹೋಗದೆ ಲ್ಯಾಪ್‌ಟಾಪಿನ ಪಕ್ಕದಲ್ಲೇ ನಿಂತಿದೆ.