ವಾಲ್ವ್ ಆಂಪ್ಲಿಫೈಯರ್‌ಗೆ ಪವರ್ ಟ್ರಾನ್ಸ್‌ಫಾರ್ಮರ್: ಬೈಕಂಪಾಡಿಯಲ್ಲಿ ಸುತ್ತಿಸಿದ್ದೇ ನನಗೆ ಸರಿಹೋಯಿತು

ಮೊದಲೇ ಹೇಳಿಬಿಡುತ್ತೇನೆ. ಗಾಜಿನ ವಾಲ್ವ್‌ಗಳ ನನ್ನ ಆಂಪ್ಲಿಫೈಯರ್‌ನಲ್ಲಿ ಈಗ ಇರುವುದು ಮಂಗಳೂರು ಬೈಕಂಪಾಡಿಯ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿದ ಸಾದಾ ಇ-ಐ (E ಮತ್ತು I ಆಕಾರದ ತಗಡು ಜೋಡಿಸಿದ) ಟ್ರಾನ್ಸ್‌ಫಾರ್ಮರ್. ಅದಕ್ಕಿಂತ ಮುಂಚೆ ಆನ್‌ಲೈನ್‌ನಲ್ಲಿ ತರಿಸಿದ ಟೊರಾಯ್ಡ್, ಅಂದರೆ ಉಂಗುರದ ಆಕಾರದ್ದು, ಇತ್ತು. ಅದಕ್ಕೂ ಮುಂಚೆ ಅಜ್ಜನ ರೇಡಿಯೋದಿಂದ ಬಿಚ್ಚಿದ್ದು. ಮೂರನ್ನೂ ಒಂದೇ ಸೆಟ್ಟಿಗೆ ಹಾಕಿ ಕೇಳಿದ್ದೇನೆ.

ಸೆಟ್ಟು ಚಿಕ್ಕದು. ಚಾನೆಲ್‌ಗೆ ಒಂದೊಂದು ಇಎಲ್84 ಔಟ್‌ಪುಟ್ ವಾಲ್ವ್, ಎರಡಕ್ಕೂ ಸೇರಿ ಒಂದು ಇಸಿಸಿ83 ವಾಲ್ವ್, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೆ ಇಝಡ್81 ವಾಲ್ವ್.

ಅಜ್ಜನ ರೇಡಿಯೋದ್ದು ಬೇಗ ಮುಗಿಯಿತು. ರೇಡಿಯೋದಲ್ಲಿ ಇದ್ದದ್ದು ಒಂದೇ ಔಟ್‌ಪುಟ್ ವಾಲ್ವ್. ನನ್ನ ಎರಡು ಇಎಲ್84ಗೆ ಹೈವೋಲ್ಟೇಜ್ ಕಡೆಯಿಂದಲೇ ನೂರು ಮಿಲಿಆಂಪ್ ದಾಟಿ ಬೇಕು. ಅರ್ಧ ಗಂಟೆಯಲ್ಲಿ ಕೈ ಇಡಲು ಆಗದಷ್ಟು ಬಿಸಿ. ಒಂದೇ ಚಾನೆಲ್ ಕಟ್ಟುವವರು ಬೇಕಾದರೆ ನೋಡಬಹುದು. ಆದರೆ ಮೊದಲು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ, ಲೈನಿಗೆ ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿ ಆನ್ ಮಾಡಿ. ಒಳಗಿನ ಕಾಗದಕ್ಕೆ ಅರವತ್ತು ವರ್ಷವಾಗಿದೆ ಅಲ್ವಾ.

ಟೊರಾಯ್ಡ್ ಬಂದಾಗ ತುಂಬಾ ಖುಷಿಪಟ್ಟಿದ್ದೆ. ಚಪ್ಪಟೆ, ಹಗುರ, ಅಕ್ಕಪಕ್ಕ ಸೋರುವ ಅಯಸ್ಕಾಂತೀಯ ಕ್ಷೇತ್ರವೂ ಕಡಿಮೆ. ಮೊದಲ ವಾರ ಸ್ಪೀಕರ್‌ಗೆ ಕಿವಿ ಇಟ್ಟರೂ ಹಮ್ (ಕರೆಂಟಿನ ಗುನುಗು) ಇಲ್ಲ. ಸಮಸ್ಯೆ ಶುರುವಾದದ್ದು ಎರಡನೇ ವಾರ.

ನಾನು ಹಾಡು ಕೇಳುವುದು ಬೆಳಿಗ್ಗೆ ಆರೂಮುಕ್ಕಾಲರಿಂದ ಏಳೂವರೆವರೆಗೆ. ಆಮೇಲೆ ಕೆಲಸಕ್ಕೆ ಹೊರಡಬೇಕು. ಸರಿಯಾಗಿ ಏಳು ಗಂಟೆಗೆ ಪೆಟ್ಟಿಗೆಯೊಳಗಿಂದ ಗುಂಯ್ ಅಂತ ಸದ್ದು. ಸ್ಪೀಕರ್‌ನಿಂದಲ್ಲ, ಟ್ರಾನ್ಸ್‌ಫಾರ್ಮರ್‌ನ ಮೈಯಿಂದಲೇ. ಹತ್ತು ನಿಮಿಷ ಇದ್ದು ತಾನಾಗಿಯೇ ನಿಲ್ಲುತ್ತಿತ್ತು. ರಾತ್ರಿ ಪರೀಕ್ಷೆ ಮಾಡಿದರೆ ಏನೂ ಇಲ್ಲ.

ನಡುವಿನ ಬೋಲ್ಟ್ ಬಿಗಿ ಮಾಡಿದೆ. ರಬ್ಬರ್ ವಾಷರ್ ಬದಲಿಸಿದೆ. ಆ ಬೋಲ್ಟ್‌ನ ಎರಡೂ ತುದಿ ಲೋಹದ ಪೆಟ್ಟಿಗೆಗೆ ತಾಗಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿಬಿಡುತ್ತದೆ, ಅದನ್ನೂ ನೋಡಿದೆ. ಎಲ್ಲ ಸರಿ ಇತ್ತು. ಮಾರಿದವರಿಗೆ ಫೋನ್ ಮಾಡಿದರೆ, ನಮ್ಮಲ್ಲಿ ಟೆಸ್ಟ್ ಮಾಡಿಯೇ ಕಳಿಸಿದ್ದು ಅಂದರು. ಅದು ಸುಳ್ಳಲ್ಲ, ಅಲ್ಲಿ ಸದ್ದು ಬಂದಿರಲಿಕ್ಕಿಲ್ಲ.

ದೀಪಾವಳಿಗೆ ತಂಗಿ ಬಂದಳು. ಸಂಜೆ ತಲೆಗೆ ಸ್ನಾನ ಮಾಡಿ ಹೇರ್ ಡ್ರೈಯರ್ ಹಾಕಿದಳು. ಅದೇ ಗುಂಯ್! ಓಡಿ ಹೋಗಿ, ಒಂದ್ಸಲ ಜೋರು ಬಿಸಿಗೆ ಹಾಕು ಅಂದೆ. ಸದ್ದು ನಿಂತಿತು. ಕಡಿಮೆ ಬಿಸಿಗೆ ಹಾಕು ಅಂದೆ. ಮತ್ತೆ ಗುಂಯ್. "ಎಂತ ಅಣ್ಣ, ನನ್ನ ತಲೆ ಒಣಗುವುದು ಬೇಡ್ವಾ?" ಅಂತ ಕೇಳಿದಳು. ನನಗೆ ಉತ್ತರ ಸಿಕ್ಕಿಬಿಟ್ಟಿತ್ತು.

ಕೆಲವು ಡ್ರೈಯರ್‌ಗಳಲ್ಲಿ ಕಡಿಮೆ ಬಿಸಿಗೆ ಒಂದು ಡಯೋಡ್ ಹಾಕಿರುತ್ತಾರೆ. ಅದು ಎಸಿ ಅಲೆಯ ಅರ್ಧ ಭಾಗವನ್ನು ಮಾತ್ರ ಎಳೆಯುತ್ತದೆ. ಆಗ ಲೈನಿನಲ್ಲಿ ಸ್ವಲ್ಪ ಡಿಸಿ ಸೇರಿಕೊಳ್ಳುತ್ತದೆ. ಟೊರಾಯ್ಡ್‌ನ ಕೋರ್, ಅಂದರೆ ಒಳಗಿನ ಕಬ್ಬಿಣ, ಎಲ್ಲೂ ಸಂದಿಲ್ಲದ ಉಂಗುರ. ಅಷ್ಟು ಚೂರು ಡಿಸಿ ಸಿಕ್ಕರೂ ಒಂದು ಕಡೆಗೆ ತುಂಬಿಕೊಂಡು ನರಳುತ್ತದೆ. ಇ-ಐಯಲ್ಲಿ ತಗಡು ಸೇರುವ ಕಡೆಗಳಲ್ಲಿ ಕೂದಲೆಳೆಯಷ್ಟು ಸಂದಿ ಇರುತ್ತದೆ, ಹಾಗಾಗಿ ಅದು ತಡೆದುಕೊಳ್ಳುತ್ತದೆ. ಬೆಳಿಗ್ಗೆ ಏಳರ ಸದ್ದು ಬಿಲ್ಡಿಂಗ್‌ನ ಬೇರೆ ಯಾವುದೋ ಮನೆಯ ಡ್ರೈಯರ್‌ನದ್ದೇ ಇರಬೇಕು. ಯಾರ ಮನೆಯದ್ದು ಅಂತ ಹುಡುಕಲು ಹೋಗಲಿಲ್ಲ. ಅವರವರ ಮನೆಯಲ್ಲಿ ಅವರು ತಲೆ ಒಣಗಿಸುವುದು ತಪ್ಪಲ್ಲವಲ್ಲ.

ಇದಕ್ಕೆ ಪರಿಹಾರ ಉಂಟು. ದೊಡ್ಡ ಕೆಪಾಸಿಟರ್ ಮತ್ತು ಡಯೋಡ್‌ಗಳ ಒಂದು ಡಿಸಿ ಬ್ಲಾಕರ್ ಅನ್ನು ಮೈನ್ಸ್ ದಾರಿಯಲ್ಲೇ ಹಾಕಬೇಕು. ಹಾಕಿದೆ, ಸದ್ದು ಹೋಯಿತು. ಆದರೆ 230 ವೋಲ್ಟ್ ಹರಿಯುವ ಕಡೆ ಇನ್ನೊಂದು ಬೋರ್ಡ್, ನಮ್ಮ ಮಳೆಗಾಲದ ತೇವ ಬೇರೆ. ಮನಸ್ಸು ಒಪ್ಪಲಿಲ್ಲ. ಬಿಚ್ಚಿಟ್ಟೆ.

ಬೈಕಂಪಾಡಿಗೆ ಹೋದದ್ದು ಆಮೇಲೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಪ್ರೈಮರಿಯಲ್ಲಿ (ಮೈನ್ಸ್ ಕಡೆಯ ಸುತ್ತು) 230 ಮತ್ತು 240 ಎರಡೂ ಟ್ಯಾಪ್ (ಮೈನ್ಸ್ ಜೋಡಿಸುವ ತುದಿ), ಹೈವೋಲ್ಟೇಜ್‌ಗೆ 250-0-250 ವೋಲ್ಟ್ 150 ಮಿಲಿಆಂಪ್, ವಾಲ್ವ್‌ಗಳ ಹೀಟರ್‌ಗೆ 6.3 ವೋಲ್ಟ್ 3 ಆಂಪ್, ರೆಕ್ಟಿಫೈಯರ್‌ನ ಹೀಟರ್‌ಗೆ ಬೇರೆಯೇ 6.3 ವೋಲ್ಟ್ 1 ಆಂಪ್. ಅಂಗಡಿಯವರು ಕೋರ್ ಅಳೆದರು. ನಡುವಿನ ಕಾಲು ಹತ್ತು ಚದರ ಸೆಂಟಿಮೀಟರ್. ವೋಲ್ಟ್‌ಗೆ ನಾಲ್ಕು ಸುತ್ತು ಅಂದರು. ನಾನು ಐದು ಹಾಕಿ ಅಂದೆ.

"ಎಂತಕ್ಕೆ ಮಾರಾಯ್ರೆ ಐದು? ನಾಲ್ಕರಲ್ಲಿ ಆರಾಮ ಓಡ್ತದೆ."

"ಓಡ್ತದೆ ಅಣ್ಣ, ಆದ್ರೆ ನನಗೆ ಸದ್ದು ಆಗಬಾರದು, ಬಿಸಿಯೂ ಆಗಬಾರದು."

ಸುತ್ತು ಜಾಸ್ತಿಯಾದರೆ ಕೋರ್ ಮೇಲೆ ಒತ್ತಡ ಕಡಿಮೆ. ಆದರೆ ತಂತಿಗೆ ಜಾಗ ಬೇಕು, ಹಾಗಾಗಿ ಒಂದು ಸೈಜ್ ದೊಡ್ಡ ಸ್ಟಾಂಪಿಂಗ್ (ಕೋರ್‌ನ ತಗಡು) ತೆಗೆದುಕೊಳ್ಳಬೇಕಾಯಿತು. ತೂಕವೂ ಏರಿತು, 400 ರೂಪಾಯಿಯೂ ಏರಿತು. ಕೊಟ್ಟೆ.

ಈ ಅಂಗಡಿ ನನಗೆ ಹಿಡಿಸಿದ್ದು ವಾರ್ನಿಷ್‌ನಿಂದ. ಪಂಪ್ ಮೋಟಾರ್‌ಗೆ ಮಾಡುವ ಹಾಗೆಯೇ ಟ್ರಾನ್ಸ್‌ಫಾರ್ಮರನ್ನು ವಾರ್ನಿಷ್‌ನಲ್ಲಿ ಪೂರ್ತಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ಓವನ್‌ನಲ್ಲಿ ಒಣಗಿಸಿ ಕೊಟ್ಟರು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಊರಿನಲ್ಲಿ ಇದು ಬೇಕೇ ಬೇಕು. ಜುಲೈಯಲ್ಲಿ ಮೆಗ್ಗರ್ ಹಾಕಿ ನೋಡಿದೆ, ಮುಳ್ಳು ಅಲ್ಲಾಡಲಿಲ್ಲ, ಅಂದರೆ ಸೋರಿಕೆ ಇಲ್ಲ. ಅಜ್ಜನ ರೇಡಿಯೋದ್ದು ಅದೇ ದಿನ ಎರಡು ಮೆಗಾಓಮ್‌ಗೆ ಇಳಿದಿತ್ತು.

240ರ ಟ್ಯಾಪ್ ಕೂಡ ಕೆಲಸಕ್ಕೆ ಬಂತು. ನಮ್ಮಲ್ಲಿ ಮುಂಜಾನೆ ಲೈನು 243ರವರೆಗೆ ಹೋಗುತ್ತದೆ. 230ರ ಟ್ಯಾಪ್‌ನಲ್ಲಿ ಹೀಟರ್ 6.6 ದಾಟುತ್ತಿತ್ತು, 240ಕ್ಕೆ ಬದಲಿಸಿದ ಮೇಲೆ 6.4ರ ಒಳಗೆ ನಿಂತಿದೆ.

ಗಾತ್ರ, ತೂಕ ಬಿಟ್ಟರೆ ಇ-ಐ ಟೊರಾಯ್ಡ್‌ಗೆ ಸೋಲುವುದು ಒಂದೇ ಕಡೆ, ಕ್ಷೇತ್ರ ಸೋರುವುದರಲ್ಲಿ. ಅದಕ್ಕೆ ತೂತು ಕೊರೆಯುವ ಮೊದಲೇ ವಾಲ್ವ್‌ಗೂ ಸ್ಪೀಕರ್‌ಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಗೆ (ಸ್ಪೀಕರ್ ಕಡೆಯ ಸುತ್ತು) ಹೆಡ್‌ಫೋನ್ ಸಿಕ್ಕಿಸಿ, ಪವರ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಕರೆಂಟ್ ಕೊಟ್ಟು ಮೆಲ್ಲ ತಿರುಗಿಸಿ. ಮೈನ್ಸ್‌ನ ತುದಿಗಳಿಗೆಲ್ಲ ಮೊದಲೇ ಸ್ಲೀವ್ ಹಾಕಿರಬೇಕು. ನನ್ನದರಲ್ಲಿ ಹೆಚ್ಚುಕಮ್ಮಿ ಅಡ್ಡಡ್ಡ ಬಂದಾಗ ಹಮ್ ಪೂರ್ತಿ ಅಡಗಿತು. ಪೆನ್ಸಿಲ್‌ನಲ್ಲಿ ಗುರುತು ಮಾಡಿ ಅಲ್ಲೇ ಕೂರಿಸಿದೆ.

ಕೆನಡಾದ ಹ್ಯಾಮಂಡ್ ತರಿಸಬಹುದಿತ್ತು. ಕಬ್ಬಿಣದ ತೂಕಕ್ಕೆ ಸಾಗಣೆ, ಮೇಲೆ ಸುಂಕ. ನನ್ನ ಬಜೆಟ್‌ಗೆ ದೂರ. ಇನ್ನು ಅಮೆರಿಕದ ಹಳೆಯ ಮಾಲು ಅಗ್ಗಕ್ಕೆ ಸಿಕ್ಕರೂ 60 ಹರ್ಟ್ಸ್ ಅಂತ ಮಾತ್ರ ಬರೆದಿದ್ದರೆ ಬಿಡಿ. ನಮ್ಮ 50 ಹರ್ಟ್ಸ್‌ನಲ್ಲಿ ಬಿಸಿಯಾಗುತ್ತದೆ.

ಟೊರಾಯ್ಡ್‌ಗೆ ಕೊರಿಯರ್ ಸೇರಿ 3,400 ಆಗಿತ್ತು. ಬೈಕಂಪಾಡಿಯದ್ದು 2,600. ಬೆಳಿಗ್ಗೆ ಕೇಳುವ ಅಭ್ಯಾಸ, ಫ್ಲ್ಯಾಟಿನ ವಾಸ, ಇಷ್ಟು ಇರುವ ನನಗೆ ಇ-ಐ. ಒಂಟಿ ಮನೆ, ಸುತ್ತ ತೋಟ, ಪೆಟ್ಟಿಗೆ ತೆಳ್ಳಗೆ ಬೇಕು ಅನ್ನುವವರಿಗೆ ಟೊರಾಯ್ಡ್ ಚೆನ್ನಾಗಿಯೇ ನಡೆಯಬಹುದು.

ಸುತ್ತಿಸುವುದಾದರೆ ಮಾರ್ಚ್‌ನಿಂದ ಮೇ ಒಳಗೆ ಮಾತ್ರ ಹೋಗಬೇಡಿ. ಆಗ ಅಂಗಡಿ ತುಂಬ ಅಡಿಕೆ ತೋಟದ ಪಂಪ್ ಮೋಟಾರ್‌ಗಳ ರಾಶಿ. ನನ್ನದು ಏಪ್ರಿಲ್‌ನಲ್ಲಿ ಕೊಟ್ಟು ಕೈಗೆ ಬಂದದ್ದು ಮೊದಲ ಮಳೆ ಬಿದ್ದ ಮೇಲೆ.