ಬೆನ್ನುಮೂಳೆ ಆಪರೇಷನ್ ಆದ ಮೇಲೆ ಗಾಯ ಒದ್ದೆಯಾದರೆ ‘ಮಾಮೂಲಿ’ ಅನ್ನುವ ಮಾತು ನಂಬಬೇಡಿ

ಮಕ್ಕಳ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು) ಆಪರೇಷನ್‌ಗೆ ತಯಾರಾಗುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಹೆದರುವುದು ಆಪರೇಷನ್ ಥಿಯೇಟರಿಗೆ. ನಮಗೆ ಪೆಟ್ಟು ಬಿದ್ದಿದ್ದು ಮನೆಗೆ ಬಂದ ಮೇಲೆ.

ನನ್ನ ಮಗಳಿಗೆ ಹದಿಮೂರು ವರ್ಷ. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಎಕ್ಸ್‌-ರೇ ತೆಗೆದು ಆ ಬಾಗನ್ನು ಡಿಗ್ರಿ ಲೆಕ್ಕದಲ್ಲಿ ಅಳೆಯುತ್ತಾರೆ, ಕಾಬ್ ಆ್ಯಂಗಲ್ ಅಂತಾರೆ. ಬೆಳೆಯುವ ಮಕ್ಕಳಿಗೆ 25ರಿಂದ 40 ಡಿಗ್ರಿವರೆಗೆ ಸಾಮಾನ್ಯವಾಗಿ ಬ್ರೇಸ್, ಅಂದರೆ ಮೈಗೆ ಬಿಗಿಯುವ ಗಟ್ಟಿ ಕವಚ, ಹಾಕಿ ನೋಡುತ್ತಾರೆ. 50 ದಾಟಿದರೆ ಆಪರೇಷನ್ ಮಾತು ಬರುತ್ತದೆ, ಯಾಕೆಂದರೆ ಅಷ್ಟು ಬಾಗಿದ ಮೂಳೆ ಮಗು ಬೆಳೆದು ನಿಂತ ಮೇಲೂ ಬಾಗುತ್ತಲೇ ಹೋಗಬಹುದು. ನಮ್ಮದು 50 ದಾಟಿತ್ತು. ಶಾಲೆ ಬ್ಯಾಗಿನ ಭಾರಕ್ಕೆ ಹೀಗಾಯ್ತು ಅಂತ ನೆಂಟರೆಲ್ಲ ತೀರ್ಪು ಕೊಟ್ಟರು. ಹಾಗೇನಿಲ್ಲ. ಹದಿವಯಸ್ಸಿನಲ್ಲಿ ಬರುವ ಸ್ಕೋಲಿಯೋಸಿಸ್‌ಗೆ ಹೆಚ್ಚಿನಂಶ ಕಾರಣವೇ ಸಿಗುವುದಿಲ್ಲ.

ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸರ್ಜನ್ ಬಗ್ಗೆ ನನ್ನದು ಒಂದು ಮಾತೂ ಇಲ್ಲ. ಮೂಳೆಗಳಿಗೆ ಸ್ಕ್ರೂ ಹಾಕಿ, ಎರಡು ರಾಡ್ ಕೂರಿಸಿ, ನಡುವೆ ಮೂಳೆಯ ಚೂರು ತುಂಬಿದರು. ಅವು ಒಂದಕ್ಕೊಂದು ಬೆಸೆಯಲು ತಿಂಗಳುಗಟ್ಟಲೆ ಬೇಕು. ಆಪರೇಷನ್ ಉದ್ದಕ್ಕೂ ನರಗಳ ಸಂಕೇತ ನೋಡುವ ಮಾನಿಟರ್ ಇಟ್ಟಿದ್ದರು. ಅದರ ದುಡ್ಡು ಪ್ಯಾಕೇಜಿನಲ್ಲಿ ಇರಲಿಲ್ಲ, ಬಿಲ್ ಬಂದಾಗಲೇ ಗೊತ್ತಾಗಿದ್ದು. ನೀವು ಮೊದಲೇ ಕೇಳಿಕೊಳ್ಳಿ. ಆದರೆ ಉಳಿತಾಯ ಅಂತ ಅದನ್ನು ಮಾತ್ರ ಬೇಡ ಅನ್ನಬೇಡಿ.

ಡಿಸ್ಚಾರ್ಜ್ ಮಾಡಿದ್ದು ಶನಿವಾರ ಸಂಜೆ. ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ಫೈಲು ಕೈಗಿಟ್ಟರು. ಗಾಯ ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದ್ದಕ್ಕೆ, “ಒಣಗಿರಲಿ, ಅಷ್ಟೇ ಮೇಡಂ” ಅಂದರು. ಫೈಲಿನಲ್ಲಿದ್ದ ಫೋನ್ ನಂಬರು ರಿಸೆಪ್ಷನ್‌ದು. ನಮ್ಮೂರು ಅರಸೀಕೆರೆ ಕಡೆ. ಏನೇ ಆದರೂ ಗಂಟೆಗಟ್ಟಲೆ ದಾರಿ ಅನ್ನುವುದು ಅವರಿಗೂ ಗೊತ್ತಿತ್ತು.

ಮನೆಯಲ್ಲಿ ಮೊದಲ ದಿನಗಳು ಕಷ್ಟವೇ, ಆದರೆ ನಡೆದುಹೋಯಿತು. ಬೆನ್ನು ತಿರುಚುವಂತಿಲ್ಲ. ಮಗ್ಗುಲು ಬದಲಿಸುವಾಗ ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ಮೈ ಒಟ್ಟಿಗೆ ಹೊರಳಿಸಬೇಕು. ನೋವಿನ ಮಾತ್ರೆಯಿಂದ ಮಲಬದ್ಧತೆ ಆಗಿ ಪಾಪ ಅತ್ತುಬಿಟ್ಟಳು. ಗಾಯದ ಸುತ್ತ ಚರ್ಮ ಜೋಮು ಹಿಡಿದಂತೆ ಇತ್ತು. ಇವೆಲ್ಲ ನಿಜಕ್ಕೂ ಮಾಮೂಲಿ. ಫಿಸಿಯೋ ಹುಡುಗಿ ಮೊದಲೇ ಹೇಳಿದ್ದರಿಂದ ನಾವು ಗಾಬರಿ ಬೀಳಲಿಲ್ಲ.

ಮಾಮೂಲಿ ಅಲ್ಲದ್ದು ಶುರುವಾಗಿದ್ದು ಆಮೇಲೆ. ಒಣಗಿದ್ದ ಗಾಯದ ಕೆಳತುದಿ ಒಂದು ಬೆಳಿಗ್ಗೆ ಒದ್ದೆ. ನೈಟಿಗೆ ಹಳದಿ ಕಲೆ. ಸಂಜೆ ಜ್ವರ. ನೋವು ಕಡಿಮೆ ಆಗುತ್ತಾ ಬಂದಿದ್ದು ಮತ್ತೆ ಜಾಸ್ತಿ ಆಯಿತು. ಫೋನ್ ಮಾಡಿದರೆ ರಿಸೆಪ್ಷನ್‌ನಿಂದ ವಾರ್ಡಿಗೆ, ವಾರ್ಡಿನಿಂದ ಇನ್ನೆಲ್ಲಿಗೋ. ಕೊನೆಗೆ ಸಿಕ್ಕ ಡ್ಯೂಟಿ ಡಾಕ್ಟರ್, “ಆಪರೇಷನ್ ಆದ ಮೇಲೆ ಜ್ವರ ಬರುತ್ತೆ, ಪ್ಯಾರಾಸಿಟಮಾಲ್ ಕೊಡಿ, ಹತ್ತಿರದ ಕ್ಲಿನಿಕ್‌ನಲ್ಲಿ ಡ್ರೆಸ್ಸಿಂಗ್ ಮಾಡಿಸಿ” ಅಂದರು. ಫೋಟೋ ಕಳಿಸಿ ಅಂತಲೂ ಕೇಳಲಿಲ್ಲ. ಆಪರೇಷನ್ ಆದ ಒಂದೆರಡು ದಿನ ಸ್ವಲ್ಪ ಜ್ವರ ಬರುವುದು ನಿಜ. ಮನೆಗೆ ಬಂದು ಚೆನ್ನಾಗಿದ್ದ ಮಗುವಿಗೆ ಹೊಸದಾಗಿ ಬರುವ ಜ್ವರ ಬೇರೆ.

ಊರಿನ ಕ್ಲಿನಿಕ್‌ನವರು ಡ್ರೆಸ್ಸಿಂಗ್ ಮಾಡಿ ಆಂಟಿಬಯಾಟಿಕ್ ಮಾತ್ರೆ ಬರೆದರು. ಜ್ವರ ಇಳಿಯಿತು. ನಾವು ನೆಮ್ಮದಿಯಾದೆವು. ಮಾತ್ರೆ ಮುಗಿಯುವ ಮೊದಲೇ ಕೀವು ಬಂತು. ನಮ್ಮ ಮೈದುನ ರಾತ್ರೋರಾತ್ರಿ ಕಾರು ತೆಗೆದ. ಸರ್ಜನ್ ನೋಡಿದವರೇ ಅಡ್ಮಿಟ್ ಮಾಡಿಕೊಂಡು, ಗಾಯ ಮತ್ತೆ ತೆರೆದು, ಕೆಟ್ಟ ಭಾಗ ತೆಗೆದು ತೊಳೆದರು.

ಅವರು ಆಮೇಲೆ ವಿವರಿಸಿದ್ದು ಇದು. ರಾಡ್, ಸ್ಕ್ರೂ ಇರುವ ಜಾಗದಲ್ಲಿ ಬ್ಯಾಕ್ಟೀರಿಯಾ ಲೋಹಕ್ಕೆ ಪೊರೆ ಕಟ್ಟಿ ಕೂರುತ್ತದೆ. ಅದರ ಒಳಗೆ ಬರೀ ಮಾತ್ರೆ ಸರಿಯಾಗಿ ಇಳಿಯುವುದಿಲ್ಲ. ಮೂಳೆ ಬೆಸೆಯುವ ಮೊದಲೇ ರಾಡ್ ತೆಗೆದರೆ ನೇರ ಮಾಡಿದ ಬೆನ್ನು ಮತ್ತೆ ಬಾಗಬಹುದು, ಹಾಗಾಗಿ ಆದಷ್ಟು ಅದನ್ನು ಉಳಿಸಿಕೊಂಡೇ ತೊಳೆಯುತ್ತಾರೆ. ಒಳಗಿನಿಂದ ಸ್ಯಾಂಪಲ್ ತೆಗೆದು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುವ ಮೊದಲೇ ಆಂಟಿಬಯಾಟಿಕ್ ತಿಂದಿದ್ದರೆ, ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬ್‌ನಲ್ಲಿ ಹಿಡಿಯುವುದು ಕಷ್ಟ. ನಮ್ಮ ಮೊದಲ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಯಾವುದು ಅಂತ ಗೊತ್ತಿಲ್ಲದೆ ಹಲವು ಬಗೆಯ ಬ್ಯಾಕ್ಟೀರಿಯಾಗೆ ತಾಗುವ ಔಷಧಿ ವಾರಗಟ್ಟಲೆ ರಕ್ತನಾಳದ ಮೂಲಕ ಕೊಡಬೇಕಾಯಿತು.

ಸೋಂಕು ಯಾವ ಆಸ್ಪತ್ರೆಯಲ್ಲಾದರೂ ಆಗಬಹುದು, ಒಪ್ಪುತ್ತೇನೆ. ಆರೋಗ್ಯವಾಗಿರುವ ಮಕ್ಕಳಲ್ಲಿ ಅಪರೂಪ ಕೂಡ. ನನ್ನ ಜಗಳ ಸೋಂಕಿನ ಜೊತೆ ಅಲ್ಲ, ಆ ಫೋನಿನ ಜೊತೆ.

ಆದ್ದರಿಂದ ಡಿಸ್ಚಾರ್ಜ್ ಪೇಪರಿಗೆ ಸಹಿ ಹಾಕುವ ಮೊದಲು, ಸರ್ಜನ್ ತಂಡದ ಒಬ್ಬರ ನೇರ ನಂಬರ್ ಕೇಳಿ. ಭಾನುವಾರ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಳ್ಳಿ. ಮನೆಗೆ ಹೊರಡುವ ದಿನ ಗಾಯದ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ಹೋಲಿಸಬಹುದು. ಗಾಯ ಸೋರಿದರೆ, ಹೊಸದಾಗಿ ಜ್ವರ ಬಂದರೆ, ಆಪರೇಷನ್ ಮಾಡಿದವರು ನೋಡುವ ಮೊದಲು ಬೇರೆ ಕಡೆ ಬರೆದ ಆಂಟಿಬಯಾಟಿಕ್ ಶುರು ಮಾಡಬೇಡಿ. ಮಗು ತೀರಾ ಸುಸ್ತಾಗಿದ್ದರೆ ಮಾತ್ರ ಯಾರಿಗೂ ಕಾಯದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಒಳಗೆ ರಾಡ್ ಇದೆ ಅಂತ ಮೊದಲೇ ಹೇಳಿ. ಕಾಲಿಗೆ ಬಲ ಇಲ್ಲದಂತಾದರೆ, ಮೂತ್ರ ಕಟ್ಟಿದರೆ ಒಂದು ಗಂಟೆಯೂ ಕಾಯಬೇಡಿ.

ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಬೆನ್ನು ನೇರವಾಗಿದೆ, ಆಟದ ಪೀರಿಯಡ್ ಇನ್ನೂ ಇಲ್ಲ. ಎರಡನೇ ಆಪರೇಷನ್‌ನ ಬಿಲ್ ಬಗ್ಗೆ, ಆ ಫೋನ್ ಕಾಲ್ ಬಗ್ಗೆ ಆಸ್ಪತ್ರೆಗೆ ದೂರು ಬರೆದೆವು. “ಇಂಥ ಕಾಲ್ ನಮ್ಮ ದಾಖಲೆಯಲ್ಲಿ ಇಲ್ಲ” ಅಂದರು. ನಮ್ಮ ಯಜಮಾನರ ಮೊಬೈಲಿನ ಕಾಲ್ ಲಿಸ್ಟಿನಲ್ಲಿ ಇತ್ತು, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆವು. ಕೇಸ್ ಶೀಟ್ (ಆಸ್ಪತ್ರೆಯಲ್ಲಿ ಬರೆದಿಡುವ ಚಿಕಿತ್ಸೆಯ ದಾಖಲೆ) ಬೇಕು ಅಂತ ಬರೆದು ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಅನ್ನುವ ನಿಯಮ ಇದೆ, ಅದನ್ನೂ ಕೇಳಿ ಪಡೆದೆವು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಕರ್ನಾಟಕದಲ್ಲಿ ಜಿಲ್ಲೆಗೊಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಸ್ಕ್ರೀನ್‌ಶಾಟ್‌ಗೆ ಆಸ್ಪತ್ರೆಯ ಉತ್ತರ ಈ ತಿಂಗಳೂ ಬರದಿದ್ದರೆ ನಮ್ಮ ಫೈಲು ಅಲ್ಲಿಗೇ ಹೋಗುತ್ತದೆ.