ಸ್ಟೋರಿವೀವರ್: ಮನೆಯಲ್ಲಿ ಕನ್ನಡ ಓದಿಸಲು ಒಂದು ವರ್ಷ ಬಳಸಿದ ಮೇಲೆ

ಮಗ ಈಗ ಮೂರನೇ ಕ್ಲಾಸು. ಕಳೆದ ವರ್ಷ ಇದೇ ಹೊತ್ತಿಗೆ ಅವನ ಮುಂದೆ ಕನ್ನಡದ ಕಥೆ ಪುಸ್ತಕ ಇಟ್ಟರೆ ಮೊದಲು ಕೊನೇ ಪುಟ ತೆಗೆದು ಎಷ್ಟು ಉದ್ದ ಇದೆ ಅಂತ ನೋಡುತ್ತಿದ್ದ. ಆಮೇಲೆ ಬಾಯಾರಿಕೆ ಆಗುತ್ತಿತ್ತು, ಆಮೇಲೆ ನಿದ್ದೆ ಬರುತ್ತಿತ್ತು. ಪಠ್ಯಪುಸ್ತಕದ ಪಾಠ ಮಾತ್ರ ಗಡಗಡ ಹೇಳುತ್ತಿದ್ದ, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಒಂದು ದಿನ ಅದೇ ಪಾಠದ ನಾಲ್ಕು ಪದಗಳನ್ನು ಬೇರೆ ಹಾಳೆಯಲ್ಲಿ ಬರೆದು ಕೊಟ್ಟೆ. ಎರಡು ಪದಕ್ಕೆ ನಿಂತುಬಿಟ್ಟ. ಆಗ ಗೊತ್ತಾಯಿತು, ಅವನು ಓದುತ್ತಿರಲಿಲ್ಲ, ಕೇಳಿ ಬಾಯಿಪಾಠ ಮಾಡಿದ್ದ.

ಗಾಬರಿಯಲ್ಲಿ ಮೊದಲು ಮಾಡಿದ ಕೆಲಸ ಒಂದು ಓದುವ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದ್ದು. ಹೆಸರು ಬೇಡ. ಚಿತ್ರ ಓಡಾಡುತ್ತಿತ್ತು, ಹಾಡು ಬರುತ್ತಿತ್ತು, ಕಥೆಯನ್ನು ಅದೇ ಓದಿ ಹೇಳುತ್ತಿತ್ತು. ಮಗ ಗಂಟೆಗಟ್ಟಲೆ ಕೂರುತ್ತಿದ್ದ, ಆದರೆ ಕಣ್ಣು ಅಕ್ಷರದ ಮೇಲೆ ಒಂದು ಸಲವೂ ಬೀಳುತ್ತಿರಲಿಲ್ಲ. ಕನ್ನಡ ಕಥೆಗಳು ಹತ್ತೋ ಹನ್ನೆರಡೋ, ಅಷ್ಟೇ. ಎರಡು ತಿಂಗಳಿಗೆ ನಿಲ್ಲಿಸಿದೆ, ದುಡ್ಡು ವಾಪಸ್ ಬರಲಿಲ್ಲ.

ಸ್ಟೋರಿವೀವರ್ ಬಗ್ಗೆ ಹೇಳಿದ್ದು ನನ್ನ ಅಕ್ಕ, ಅವಳು ಟೀಚರ್. ಇದು ಬೆಂಗಳೂರಿನ ಪ್ರಥಮ್ ಬುಕ್ಸ್ ನಡೆಸುವ ಜಾಲತಾಣ. ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ, ಲಾಭ ನೋಡದೆ ಮಕ್ಕಳ ಪುಸ್ತಕ ತರುವ ಸಂಸ್ಥೆ. ಸ್ಟೋರಿವೀವರ್ ಬಂದಿದ್ದು 2015ರ ಸೆಪ್ಟೆಂಬರ್ 8ಕ್ಕೆ, ಅಂತರರಾಷ್ಟ್ರೀಯ ಸಾಕ್ಷರತಾ ದಿನ. ಆಗ ಅದರಲ್ಲಿ 24 ಭಾಷೆಗಳ 800 ಕಥೆಗಳಿದ್ದವು. ಈಗ ಭಾಷೆಗಳೇ 300 ದಾಟಿವೆ. ಕನ್ನಡದಲ್ಲಿ ನಾವು ಒಂದು ವರ್ಷದಿಂದ ಓದುತ್ತಿದ್ದೇವೆ, ಓದದೇ ಇರುವುದೇ ಇನ್ನೂ ಜಾಸ್ತಿ. ಎಲ್ಲವೂ ಉಚಿತ. ಮಧ್ಯೆ ಜಾಹೀರಾತು ಬರುವುದಿಲ್ಲ, ಅದೇ ನನಗೆ ದೊಡ್ಡ ನೆಮ್ಮದಿ.

ನನ್ನ ಮಗನಿಗೆ ನಿಜವಾಗಿ ಕೆಲಸ ಮಾಡಿದ್ದು ಅದರ ಹಂತಗಳು. ಕಥೆಗಳನ್ನು 1ರಿಂದ 4ರವರೆಗೆ ಹಂತ ಮಾಡಿ ಇಟ್ಟಿದ್ದಾರೆ. ಈಗಷ್ಟೇ ಓದಲು ಶುರು ಮಾಡಿದವರಿಗೆ 1, ಸರಾಗವಾಗಿ ಓದುವವರಿಗೆ 4. ಹಂತ 1ರಲ್ಲಿ ಇಡೀ ಕಥೆಗೆ ಹೆಚ್ಚೆಂದರೆ 250 ಪದ, ಹಂತ 2ರಲ್ಲಿ 600. ಒಂದು ಪುಟಕ್ಕೆ ಒಂದು ಸಾಲೋ ಎರಡು ಸಾಲೋ, ಉಳಿದಿದ್ದೆಲ್ಲ ಚಿತ್ರ. ನಾನು ಎರಡನೇ ಕ್ಲಾಸಿನ ಹುಡುಗ ಅಂತ ಸೀದಾ ಹಂತ 2 ತೆಗೆದಿದ್ದೆ, ಮತ್ತೆ ಅದೇ ಬಾಯಾರಿಕೆ, ಅದೇ ನಿದ್ದೆ. ಅಕ್ಕ ಬೈದಳು. "ಕ್ಲಾಸು ನೋಡಬೇಡ ಕಣೇ, ಅವನು ಮುಗಿಸೋ ಹಾಗಿರೋದು ಕೊಡು" ಅಂದಳು. ಹಂತ 1ಕ್ಕೆ ಇಳಿದೆವು. ಮೊದಲ ಕಥೆ ಐದು ನಿಮಿಷಕ್ಕೆ ಮುಗಿಯಿತು. "ಅಷ್ಟೇನಾ? ಮುಗೀತಾ?" ಅಂತ ಕೇಳಿದ, ಆಮೇಲೆ "ಇನ್ನೊಂದು" ಅಂದ. ಕನ್ನಡ ಪುಸ್ತಕದ ವಿಷಯಕ್ಕೆ ಅವನ ಬಾಯಿಂದ ಈ ಮಾತು ಬಂದಿದ್ದು ಅದೇ ಮೊದಲು.

ಆದರೆ ಕನ್ನಡ ಓದಿಸುವವರು ಒಂದು ವಿಷಯ ತಿಳಿದುಕೊಂಡಿರಬೇಕು. ಈ ಹಂತಗಳು ಪದಗಳು ಎಷ್ಟಿವೆ, ವಾಕ್ಯ ಎಷ್ಟು ಉದ್ದ ಅನ್ನುವುದರ ಮೇಲೆ ಆಗಿರುವಂಥವು. ಕನ್ನಡದ ಮಗುವಿಗೆ ಕಷ್ಟ ಬರುವುದು ಉದ್ದದಿಂದ ಅಷ್ಟೇ ಅಲ್ಲ, ಒತ್ತಕ್ಷರದಿಂದ. ಅಮ್ಮ, ಅಕ್ಕ, ಹಣ್ಣು ಇವೆಲ್ಲ ಬೇಗ ಬಂದುಬಿಡುತ್ತವೆ, ಯಾಕೆಂದರೆ ಅದೇ ಅಕ್ಷರ, ಅದೇ ಒತ್ತು. ಪ್ರಶ್ನೆ, ಸ್ನೇಹಿತ, ಆಶ್ಚರ್ಯ ಬಂದಾಗ ಗಾಡಿ ನಿಲ್ಲುತ್ತದೆ. ಎಲ್ಲಕ್ಕಿಂತ ಕಷ್ಟ ಅರ್ಕಾವೊತ್ತು. 'ಸೂರ್ಯ' ಅಂತ ಬರೆದಾಗ ಕಣ್ಣಿಗೆ ಮೊದಲು ಸಿಗುವುದು ಯ, ಆಮೇಲೆ ರ್, ಬಾಯಲ್ಲಿ ಹೇಳಬೇಕಾಗಿರುವುದು ತಿರುವು ಮುರುವು. ಮಗ ಎಷ್ಟೋ ದಿನ 'ಸೂಯರ' ಅಂತಲೇ ಓದುತ್ತಿದ್ದ. ನಾನು ಪ್ರತಿ ಸಲ ತಿದ್ದಿ ತಿದ್ದಿ ಕಥೆಯ ರುಚಿಯನ್ನೇ ಕೆಡಿಸುತ್ತಿದ್ದೆ ಅಂತ ಆಮೇಲೆ ಹೊಳೆಯಿತು. ಈಗ ಬೇರೆ ದಾರಿ. ಮಧ್ಯಾಹ್ನ ನಾನೊಬ್ಬಳೇ ಕಥೆ ಓದಿ ಅದರಲ್ಲಿರುವ ಮೂರು ನಾಲ್ಕು ಕಷ್ಟದ ಒತ್ತಕ್ಷರದ ಪದಗಳನ್ನು ಅಡುಗೆಮನೆ ಬಾಗಿಲ ಹತ್ತಿರದ ಸ್ಲೇಟಿನಲ್ಲಿ ಬರೆದಿಡುತ್ತೇನೆ. ಅವನು ನೀರು ಕುಡಿಯಲು ಬಂದಾಗ, ತಿಂಡಿಗೆ ಬಂದಾಗ ನೋಡುತ್ತಾನೆ, ಒಂದೊಂದು ಸಲ ಕೇಳುತ್ತಾನೆ. ರಾತ್ರಿ ಕಥೆಯಲ್ಲಿ ಅದೇ ಪದ ಸಿಕ್ಕರೆ "ಇದು ಸ್ಲೇಟಿಂದು!" ಅಂತ ಕೂಗುತ್ತಾನೆ. ಇದಕ್ಕೆ ಸ್ಟೋರಿವೀವರ್ ಬೇಕೇ ಬೇಕು ಅಂತಿಲ್ಲ, ಯಾವ ಪುಸ್ತಕಕ್ಕಾದರೂ ಮಾಡಬಹುದು, ಆದರೆ ಕಥೆ ಚಿಕ್ಕದಾಗಿದ್ದರೆ ನನಗೂ ದಿನಾ ಮಾಡಲು ಆಗುತ್ತದೆ ಅಲ್ವಾ.

ಮೊಬೈಲಿನಲ್ಲಿ ಓದಿಸುವುದು ನನಗೆ ಇಷ್ಟವಾಗಲಿಲ್ಲ. ಕಥೆ ಅರ್ಧದಲ್ಲಿರುವಾಗ ಮೆಸೇಜ್ ಬರುತ್ತದೆ, ಕಥೆ ಮುಗಿದ ಮೇಲೆ "ಒಂದೇ ಒಂದು ಗೇಮ್" ಶುರುವಾಗುತ್ತದೆ. ಇಲ್ಲಿ ಸ್ಟೋರಿವೀವರಿನ ಇನ್ನೊಂದು ಗುಣ ನಮ್ಮ ಕೈ ಹಿಡಿಯಿತು. ಕಥೆಗಳನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು, ಮತ್ತು ಅವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇವೆ. ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಇಟ್ಟುಕೊಂಡು ಪ್ರಿಂಟ್ ತೆಗೆಯಬಹುದು, ಹಂಚಬಹುದು, ಅನುವಾದವನ್ನೂ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಎರಡು ಪುಟದಂತೆ ಕಪ್ಪು ಬಿಳುಪಿನಲ್ಲಿ ತೆಗೆಸಿದೆ. ಮಡಚಿ ಮಧ್ಯೆ ಸ್ಟೇಪ್ಲರ್ ಹೊಡೆದರೆ ಪುಸ್ತಕ. ಬಣ್ಣ ಇಲ್ಲ ಅಂತ ಮೊದಲು ಬೇಜಾರಿತ್ತು, ಆದರೆ ಚಿತ್ರಗಳಿಗೆ ಅವನೇ ಬಣ್ಣ ಹಚ್ಚಲು ಕೂತ, ಹಚ್ಚುತ್ತಾ ಕೆಳಗಿನ ಸಾಲನ್ನು ಮತ್ತೆ ಮತ್ತೆ ಓದಿದ. ಈಗ ಶೂ ಡಬ್ಬದಲ್ಲಿ ಇಂಥ 40ಕ್ಕೂ ಹೆಚ್ಚು ಪುಸ್ತಕಗಳಿವೆ. ಬಣ್ಣದ್ದೇ ಬೇಕು ಅನ್ನುವವರಿಗೆ ಪ್ರಥಮ್ ಬುಕ್ಸ್‌ನ ಅಚ್ಚಾದ ಪುಸ್ತಕಗಳು ಸಿಗುತ್ತವೆ, ನಾನೂ ಹುಟ್ಟುಹಬ್ಬಕ್ಕೆ ಒಂದಷ್ಟು ತರಿಸಿದೆ.

ಅವನು ಓದುವುದು ಅಜ್ಜಿಗೆ. ಅತ್ತೆಯವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ "ನೀನೇ ಓದಪ್ಪ" ಅನ್ನುವುದು ಅವರ ನಿಜವಾದ ಅಗತ್ಯ. ಅವರು ತಪ್ಪು ತಿದ್ದುವುದಿಲ್ಲ. "ಆಮೇಲೇನಾಯ್ತೋ?" ಅಂತ ಮಾತ್ರ ಕೇಳುತ್ತಾರೆ. ವರ್ಷಕ್ಕೊಂದು ಸಲ ಕೂದಲು ಕತ್ತರಿಸಿಕೊಳ್ಳಲು ಹೊರಟು, ಯಾರ ಹತ್ತಿರ ಹೋದರೂ ಅವರಿಗೆ ಬಿಡುವೇ ಇಲ್ಲದೆ ಅಲೆಯುವ ಶೃಂಗೇರಿ ಶ್ರೀನಿವಾಸನ ಕಥೆಯನ್ನು ಅತ್ತೆಯವರು ಎಷ್ಟು ಸಲ ಓದಿಸಿದ್ದಾರೋ ಲೆಕ್ಕವಿಲ್ಲ. ಅದನ್ನು ಬರೆದವರು ಪ್ರಥಮ್ ಬುಕ್ಸ್ ಕಟ್ಟಿದವರಲ್ಲಿ ಒಬ್ಬರಾದ ರೋಹಿಣಿ ನಿಲೇಕಣಿ. ನನಗೆ ಇಂಥ ಕಥೆಗಳೇ ಹೆಚ್ಚು ಇಷ್ಟ. ಊರ ಹೆಸರು, ಜನರ ಹೆಸರು, ಅವರ ಕೆಲಸ ಎಲ್ಲ ನಮ್ಮದು, ಮಗು 'ಇದು ಎಲ್ಲಿ, ಇದು ಏನು' ಅಂತ ನಿಲ್ಲಬೇಕಾಗಿಲ್ಲ.

ಪಕ್ಕದ ಮನೆಯವರು ಪಾವಗಡದ ಕಡೆಯವರು, ಮನೆಮಾತು ತೆಲುಗು. ಅವರ ಹುಡುಗಿ ಶಾಲೆಯಲ್ಲಿ ಕನ್ನಡ ಓದುತ್ತಾಳೆ, ಅವರಮ್ಮನಿಗೆ ಮಗಳು ತೆಲುಗನ್ನೂ ಓದಬೇಕು ಅನ್ನುವ ಆಸೆ. ಒಂದೇ ಕಥೆಯನ್ನು ಹಲವು ಭಾಷೆಗಳಲ್ಲಿ ತೆಗೆದು ನೋಡಬಹುದು ಅಂತ ತೋರಿಸಿದೆ. ಕನ್ನಡ ಓದಿ ಕಥೆ ಗೊತ್ತಾದ ಮೇಲೆ ತೆಲುಗಿನಲ್ಲಿ ಊಹೆ ಮಾಡುತ್ತಾ ಹೋಗುತ್ತಾಳೆ, ಲಿಪಿಗಳೂ ಅಕ್ಕ ತಂಗಿಯರ ಹಾಗೆ ಇರುವುದರಿಂದ ಬೇಗ ಹಿಡಿತ ಸಿಕ್ಕಿತು.

ನಾನು ಮಾಡಿದ ಒಂದು ತಪ್ಪು ನೀವು ಮಾಡಬೇಡಿ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥವಾಗುವ ಹಾಗೆ ಓದಬೇಕು ಅಂತ ಗುರಿ ಇದೆ. ಅದನ್ನು ನೋಡಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟೆ. ಮಗ ಪದ ನುಂಗಿಕೊಂಡು ಓಡಲು ಶುರು ಮಾಡಿದ, ಅಜ್ಜಿಗೆ ಕಥೆಯೇ ತಿಳಿಯಲಿಲ್ಲ. ಅಕ್ಕ ಹೇಳಿದ ಮೇಲೆ ಅರ್ಥವಾಯಿತು, ಹಿಂದಿಯಲ್ಲಿ "ಜಾ ರಹೀ ಹೈ" ಮೂರು ಪದ, ನಮ್ಮ "ಹೋಗುತ್ತಿದ್ದಾಳೆ" ಒಂದೇ ಪದ. ಪದ ಎಣಿಸುವಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು. ಸ್ಟಾಪ್‌ವಾಚ್ ಅವತ್ತೇ ಬಿಟ್ಟೆ.

ಬಳಸುವವರಿಗೆ ಇನ್ನೊಂದೆರಡು ಮಾತು. ಇಲ್ಲಿ ಯಾರು ಬೇಕಾದರೂ ಕಥೆ ಬರೆದು, ಅನುವಾದ ಮಾಡಿ ಹಾಕಬಹುದು. ಇಷ್ಟು ಭಾಷೆಗಳು ಸೇರಿದ್ದೇ ಹಾಗೆ. ಅದಕ್ಕೇ ಎಲ್ಲ ಕಥೆಯ ಕನ್ನಡವೂ ಒಂದೇ ಹದದಲ್ಲಿರುವುದಿಲ್ಲ, ಮಕ್ಕಳಿಗೆ ಕೊಡುವ ಮೊದಲು ನೀವು ಜೋರಾಗಿ ಒಂದು ಸಲ ಓದಿ ನೋಡಿ, ಎರಡೇ ನಿಮಿಷದ ಕೆಲಸ. ಕೆಲವು ಕಥೆಗಳಿಗೆ ಓದಿ ಹೇಳುವ ವಿಡಿಯೋ ಇದೆ, ಹೇಳುತ್ತಿರುವ ಪದಕ್ಕೆ ಬಣ್ಣ ಬರುತ್ತದೆ. ಅದನ್ನು ನಾವು ಒಂದು ಸಲ ಮಾತ್ರ ಕೇಳಿ ಆಮೇಲೆ ಕಾಗದದಲ್ಲಿ ಓದುತ್ತೇವೆ. ಇನ್ನು ಮಗುವಿಗೆ ಹಂತ 4 ಕೂಡ ಸಲೀಸಾಗಿ, ದಪ್ಪ ಪುಸ್ತಕ ಬೇಕು ಅನ್ನುವಂತಾದರೆ ಗ್ರಂಥಾಲಯಕ್ಕೇ ಹೋಗಬೇಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಬೇಸಿಗೆ ರಜೆಯಲ್ಲಿ ನನ್ನ ತವರೂರಿನಲ್ಲಿ ಮಗ ದಿನಾ ಸಂಜೆ ಮಾವನ ಮಕ್ಕಳ ಜೊತೆ ಅಲ್ಲಿಗೇ ಹೋಗುತ್ತಿದ್ದ.

ನಾನು ಇದಕ್ಕೆ 5ಕ್ಕೆ 5 ಕೊಡುತ್ತೇನೆ. ಈ ವಾರಕ್ಕೆ ಹಂತ 2ರ ನಾಲ್ಕು ಕಥೆ ಪ್ರಿಂಟ್ ಹಾಕಿಸಿ ತಂದಿದ್ದೇನೆ. ಮಗ ಒಂದನ್ನು ಆಗಲೇ ಎತ್ತಿಕೊಂಡು ಕೊನೇ ಪುಟ ತೆಗೆದು ನೋಡಿದ. "ಯಾಕೋ, ಎಷ್ಟು ಪುಟ ಅಂತ ನೋಡಿದ್ಯಾ?" ಅಂತ ಕೇಳಿದೆ. "ಇಲ್ಲಮ್ಮ, ಆನೆ ಸಿಗುತ್ತಾ ಇಲ್ವಾ ಅಂತ ನೋಡಿದೆ" ಅಂದ.